ಶಂಕರನ ಮಾತಿನ ತರ್ಜುಮೆ

ಕಿಟಕಿಯ ಹಿಂದೆ ಕೂತಿದ್ದವನು ದಾರ ಕಟ್ಟಿದ ಕಡತವನ್ನು ಹೊರಕ್ಕೆ ತಳ್ಳಿ, "ಪೂರಾ ಪಢ್ ಲೀಜಿಯೇ ಮೇಡಂ, ಫಿರ್ ಸೈನ್," ಎಂದ. ಉಷಾ ಕನ್ನಡಕ ಹಾಕಿಕೊಂಡಳು. ವಿಮಾನ ನಿಲ್ದಾಣದ ಸರಕು ಶೆಡ್ಡಿನಲ್ಲಿ ಮಾವಿನಹಣ್ಣಿನ ವಾಸನೆ ತುಂಬಿತ್ತು. ಆಚೆ ತುದಿಯಲ್ಲಿ, ಗೋಣಿತಾಟು ಹೊದಿಸಿದ ಉದ್ದನೆಯ ಪೆಟ್ಟಿಗೆಯ ಪಕ್ಕ ಅವಳ ಮಗಳು ಪ್ರೇರಣಾ ನಿಂತಿದ್ದಳು. ಪೆಟ್ಟಿಗೆಯೊಳಗೆ ಉಷಾಳ ತಮ್ಮ ಶಂಕರ. ಸತ್ತು ಎರಡೂವರೆ ತಿಂಗಳಾದ ಮೇಲೆ ರಷ್ಯಾದಿಂದ ದೆಹಲಿಗೆ ಬಂದಿದ್ದ. ಸಂಜೆಯ ವಿಮಾನಕ್ಕೆ ಬೆಂಗಳೂರು, ಅಲ್ಲಿಂದ ಕಡೂರು.

ಕಡೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಶಂಕರನದು ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ಟು, ಮಿಕ್ಸಿ, ಗಿರಣಿಯ ಮೋಟಾರು ಬಂದರೆ ಕರಕಲಾದ ತಂತಿ ಕಿತ್ತು ಹೊಸ ತಾಮ್ರ ಸುತ್ತುತ್ತಿದ್ದ. ಸುತ್ತುವಾಗ ಎಣಿಕೆ ತಪ್ಪಬಾರದು. ಯಾರೇ ಮಾತಾಡಿಸಲಿ, ಎಡಗೈ ಎತ್ತಿ ತಡೆಯುತ್ತಿದ್ದ. ಜಪಕ್ಕೆ ಕೂತವನ ಹಾಗೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ಕೆಟ್ಟದ್ದನ್ನು ಎಸೆದು ಹೊಸದು ತರುವ ಕಾಲ ಕಡೂರಿಗೂ ಬಂದಾಗ ಅಂಗಡಿ ಮುಚ್ಚಿ ಫರೀದಾಬಾದಿನ ಕಾರ್ಖಾನೆಯೊಂದಕ್ಕೆ ಸೇರಿದ. ಭಾನುವಾರವಾದರೆ ಸರೋಜಿನಿ ನಗರದ ಅಕ್ಕನ ಕ್ವಾರ್ಟರ್ಸಿಗೆ ಬಂದು ಕೂಲರ್ ಬಿಚ್ಚಿಕೊಂಡು ಕೂರುತ್ತಿದ್ದ.

"ಮಾಮ, ಪಾನಿ ಟಪಕ್ತಾ ಇದೆ," ಎಂದು ಪ್ರೇರಣಾ ಅಂದರೆ, "ನಿನ್ನ ಕನ್ನಡ ಕೇಳಿದ್ರೆ ಮೋಟಾರು ಉಲ್ಟಾ ತಿರುಗುತ್ತೆ ಕಣೇ," ಎನ್ನುತ್ತಿದ್ದ.

"ತಿರುಗ್ಲಿ ಬಿಡಿ, ಹವಾ ತೋ ಆಯೇಗಿ."

ಫರೀದಾಬಾದಿನಲ್ಲೇ ಒಬ್ಬ ಏಜೆಂಟು ಗಂಟುಬಿದ್ದ. ರಷ್ಯಾದ ಸೈನ್ಯದ ಗೋದಾಮಿನಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸ, ಯುದ್ಧಕ್ಕೂ ನಿನಗೂ ಸಂಬಂಧವೇ ಇಲ್ಲ ಎಂದ. ಹೋದ ಹದಿನೇಳನೆಯ ದಿನ ಫೋಟೋ ಬಂತು. ಹಸಿರು ಜಾಕೆಟ್ಟು, ಹೆಗಲಲ್ಲಿ ಬಂದೂಕು. "ಓದಕ್ಕೆ ಬರದ ಕಾಗದಕ್ಕೆ ಸೈನ್ ಹಾಕಿಸ್ಕೊಂಡ್ರು ಅಕ್ಕಾ. ನಾನೀಗ ಸಿಪಾಯಿಯಂತೆ. ತಂತಿ ಮುಟ್ಟಿ ಎಷ್ಟು ದಿನ ಆಯ್ತೋ," ಎಂದು ಫೋನಿನಲ್ಲಿ ನಕ್ಕಿದ್ದ. ಆ ನಗು ಕೇಳಿದ ದಿನ ಉಷಾ ದೇವರ ಮುಂದಿನ ದೀಪಕ್ಕೆ ಎರಡು ಸಲ ಎಣ್ಣೆ ಹಾಕಿದ್ದಳು.

ಈಗ ಕಡತದಲ್ಲಿ ಒಂದೊಂದೇ ಹಾಳೆ ತಿರುವಿದಳು. ಮರಣಪತ್ರ, ಮಾರ್ಚ್ ಐದು. ಸುಂಕದವರ ಚೀಟಿ. ಅದರ ಕೆಳಗೆ, ತಮ್ಮನನ್ನು ಹೇಗಾದರೂ ವಾಪಸು ಕರೆಸಿ ಎಂದು ಫೆಬ್ರವರಿಯಲ್ಲಿ ಅವಳೇ ವಿದೇಶಾಂಗ ಇಲಾಖೆಗೆ ಕೊಟ್ಟಿದ್ದ ಅರ್ಜಿಯ ನಕಲು. ಅರ್ಜಿಗೆ ಲಗತ್ತಿಸಿದ್ದ ಹಾಳೆಯಲ್ಲಿ ಶಂಕರನ ಕೊನೆಯ ಧ್ವನಿಸಂದೇಶದ ಇಂಗ್ಲಿಷ್ ತರ್ಜುಮೆ, ಪ್ರೇರಣಾಳ ಗುಂಡು ಅಕ್ಷರದಲ್ಲಿ.

ಅರ್ಜಿ ಕೊಟ್ಟ ದಿನ ಗಂಡ ಸೋಮಶೇಖರ ಆಫೀಸಿನ ಕೆಲಸದ ಮೇಲೆ ಲಖನೌದಲ್ಲಿದ್ದ. ಸಂದೇಶದಲ್ಲಿ ಏನಿದೆ ಎಂದು ಇಂಗ್ಲಿಷಿನಲ್ಲಿ ಬರೆದುಕೊಡಿ, ಇನ್ನು ಹತ್ತು ನಿಮಿಷಕ್ಕೆ ಕೌಂಟರ್ ಮುಚ್ಚುತ್ತೆ ಎಂದು ಇಲಾಖೆಯವರು ಹೇಳಿದ್ದರು. ಪ್ರೇರಣಾ ಗೋಡೆಗೆ ಹಾಳೆ ಒತ್ತಿ ಬರೆದಳು. ಪಕ್ಕದಲ್ಲಿ ನಿಂತಿದ್ದ ಉಷಾ ಓದಲಿಲ್ಲ. ನೀರಿನ ಬಾಟಲಿ ಹಿಡಿದು, ಸಾಲಿನಲ್ಲಿದ್ದ ಪಂಜಾಬಿ ಹೆಂಗಸಿಗೆ "ಮೇರೀ ಬೇಟಿ ಹೈ" ಎಂದು ಹೆಮ್ಮೆಯಿಂದ ಹೇಳಿದ್ದಳು.

ಶಂಕರನ ಸಂದೇಶ ಅವಳಿಗೆ ಉಸಿರುಸಿರೂ ಬಾಯಿಪಾಠ. "ಅಕ್ಕಾ, ಟ್ರಕ್ ಬಂದಿದೆ. ಎಲ್ಲರನ್ನೂ ಹತ್ತಿಸ್ತಾ ಇದಾರೆ. ನೀನು ಊಟ ಬಿಡ್ಬೇಡ. ಸರಿ ಹಂಗಾದ್ರೆ, ನಾನಿನ್ನು ಬರ್ತೀನಿ."

ಚಿಕ್ಕಂದಿನಲ್ಲಿ ಅಪ್ಪ ಸಂಜೆ ಹೊತ್ತು ಪದ್ಯ ವಾಚಿಸುವಾಗ ಕೊನೆಯ ಸಾಲಿನಲ್ಲಿ ದನಿ ಇಳಿಸುತ್ತಿದ್ದ ಹಾಗೆ, ಆ ಕೊನೆಯ ಮಾತಿನಲ್ಲಿ ಶಂಕರನ ದನಿ ಇಳಿದಿತ್ತು. ಹೊಸಿಲು ದಾಟುವವರು ಹೋಗುತ್ತೇನೆ ಅನ್ನಬಾರದು ಎಂದು ಅಮ್ಮ ಕಲಿಸಿದ್ದ ಮಾತು ಅದು.

ಹಾಳೆಯಲ್ಲಿ ಹೀಗಿತ್ತು: ಟ್ರಕ್ ಬಂದಿದೆ, ಎಲ್ಲರನ್ನೂ ಹತ್ತಿಸುತ್ತಿದ್ದಾರೆ, 'ಐ ಆಮ್ ಕಮಿಂಗ್ ನೌ.' ಕೊನೆಯ ವಾಕ್ಯದ ಕೆಳಗೆ ಯಾರೋ ಕೆಂಪು ಗೆರೆ ಎಳೆದಿದ್ದರು. ಅಂಚಿನಲ್ಲಿ ಹಿಂದಿಯ ಷರಾ: ಸದರಿ ವ್ಯಕ್ತಿ ತಾನೇ ಹಿಂದಿರುಗುತ್ತಿರುವುದರಿಂದ ಮುಂದಿನ ಕ್ರಮ ಅಗತ್ಯವಿಲ್ಲ. ಫೆಬ್ರವರಿ ಹದಿನಾಲ್ಕು.

ಉಷಾ ಬೆರಳು ಮಡಿಸಿ ಎಣಿಸಿದಳು. ಅಲ್ಲಿಂದ ಮಾರ್ಚ್ ಐದಕ್ಕೆ ಹತ್ತೊಂಬತ್ತು ದಿನ.

ಮನೆಯಲ್ಲಿ ಯಾರು ಹೊರಗೆ ಹೊರಟರೂ ಬೈ ಅನ್ನುವುದು. ನೆರೆಹೊರೆಯಲ್ಲಿ 'ಚಲ್ತಾ ಹೂಂ,' ಅಂದರೆ ಹೊರಟೆ. ಬರ್ತೀನಿ ಅಂದರೂ ಹೊರಟೆ ಎಂದೇ ಅರ್ಥ ಎಂದು ಮಗುವಿಗೆ ಕಲಿಸಿದವರು ಯಾರು?

ಹಣ ಕಟ್ಟಲು ಹೋಗಿದ್ದ ಸೋಮಶೇಖರ ಬಂದು ಅವಳ ಭುಜದ ಮೇಲಿಂದ ಓದಿದ. ಇಪ್ಪತ್ತಾರು ವರ್ಷ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಂಥವೇ ಷರಾ ಬರೆದ ಕೈ ಅವನದು. ಓದಿ ಮುಗಿಸಿ, ಪೆನ್ನಿನ ಮುಚ್ಚಳ ತೆಗೆದ, ಹಾಕಿದ.

"ಅವಳಿಗೆ..." ಎಂದ.

"ಬೇಡ ರೀ."

"ಯಾವತ್ತಾದ್ರೂ ಗೊತ್ತಾಗುತ್ತೆ ಉಷಾ. ನಾವೇ ಹೇಳಿದ್ರೆ..."

"ಪಕ್ಕದಲ್ಲೇ ನಿಂತಿದ್ದೆ. ಓದ್ಲಿಲ್ಲ ನಾನು," ಎಂದಳು ಉಷಾ. "ಹತ್ತೊಂಬತ್ತು ವರ್ಷದ ಹುಡುಗಿ ರೀ. ಇದನ್ನ ಹೊತ್ಕೊಂಡು ಎಷ್ಟು ವರ್ಷ ಬದುಕ್ಬೇಕು ಅವಳು?"

ಸೋಮಶೇಖರ ಪೆನ್ನನ್ನು ಅವಳ ಕೈಗೆ ಕೊಟ್ಟ. ಉಷಾ ಸಹಿ ಹಾಕಿ, ಆ ಎರಡು ಹಾಳೆಗಳನ್ನು ಕಡತದಿಂದ ಬಿಡಿಸಿ ನಾಲ್ಕಾಗಿ ಮಡಿಚಿ ಬ್ಯಾಗಿಗೆ ಹಾಕಿಕೊಂಡಳು. ಕಿಟಕಿಯವನು ಕಂಡೂ ಕಾಣದಂತೆ ಮುಂದಿನ ಕಡತ ಎಳೆದುಕೊಂಡ.

ಪೆಟ್ಟಿಗೆಯ ಹತ್ತಿರ ಹೋದಾಗ ಪ್ರೇರಣಾಳ ಕಣ್ಣು ಊದಿತ್ತು. "ಮಮ್ಮಾ, ನಾವು ಟೈಮ್ ಪೆ ಅರ್ಜಿ ಕೊಟ್ಟಿದ್ವಲ್ಲ? ನಾನೇ ಬರ್ದಿದ್ದೆ. ಫಿರ್ ಭೀ ಯಾಕೆ ಕರ್ಕೊಂಡು ಬರ್ಲಿಲ್ಲ? ಫೈಲಲ್ಲಿ ಏನಾದ್ರೂ ಇತ್ತಾ?"

ಸೋಮಶೇಖರ ಶೆಡ್ಡಿನ ಫ್ಯಾನು ನೋಡಿದ.

"ಏನಿರುತ್ತೆ," ಎಂದಳು ಉಷಾ. "ಕಾಗದ ಒಂದು ಮೇಜಿಂದ ಇನ್ನೊಂದು ಮೇಜಿಗೆ ಹೋಗೋದ್ರೊಳಗೆ ತಡ ಆಯ್ತಂತೆ."

"ಬಾಸ್ಟರ್ಡ್ಸ್," ಎಂದಳು ಪ್ರೇರಣಾ. ಉಷಾ ಬೈಯಲಿಲ್ಲ.

ಹಮಾಲಿ ಮಾರ್ಕರ್ ಪೆನ್ ಹಿಡಿದು ಬಂದ. ಪೆಟ್ಟಿಗೆಯ ಮೇಲಿದ್ದ ಪರದೇಶದ ಅಕ್ಷರ ಇಲ್ಲಿ ಯಾರಿಗೂ ಓದಲು ಬರುವುದಿಲ್ಲ, ಇಂಗ್ಲಿಷಿನ ಚೀಟಿ ಅಂಟಿಸಿದ್ದೇನೆ, ಆದರೂ ಹೆಸರು ದಪ್ಪಗೆ ಬರೆದುಬಿಡಿ ಎಂದ. "ಜಿಸ್ ಭಾಷಾ ಮೇಂ ಮರ್ಜಿ, ದೀದಿ," ಯಾವ ಭಾಷೆಯಾದರೂ ಸರಿ ಎಂದು ಸೇರಿಸಿದ. ಚೀಟಿ ಕಿತ್ತುಹೋಗುತ್ತದೆ ಎಂಬುದನ್ನು ಕೈಸನ್ನೆಯಲ್ಲೂ ತೋರಿಸಿದ.

"ಕನ್ನಡದಲ್ಲೇ ಬರೀತೀನಿ," ಎಂದಳು ಪ್ರೇರಣಾ. "ಊರಲ್ಲಿ ಅಜ್ಜಿ ಓದ್ಬೇಕಲ್ವಾ?"

ಮಂಡಿಯೂರಿ ಕೂತು, ಗೋಣಿತಾಟು ಸರಿಸಿ, ಹಲಗೆಯ ಮೇಲೆ ಬರೆದಳು. ಒಂದೊಂದು ಅಕ್ಷರಕ್ಕೂ ತಡೆದು, ನಾಲಗೆ ತುದಿ ಕಚ್ಚಿ. ಮುಗಿಸಿ ಮುಖ ಎತ್ತಿದಳು.

"ಸರಿ ಇದ್ಯಾ ಮಮ್ಮಾ?"

ಸೊನ್ನೆ ಒಂದಕ್ಷರ ದಾಟಿ ಕೂತಿತ್ತು. ಶಕಂರ.

ಸೋಮಶೇಖರ ಬಾಯಿ ತೆರೆದ. ಉಷಾ ಅವನ ಮಣಿಕಟ್ಟು ಹಿಡಿದಳು.

"ಸರಿ ಇದೆ ಪುಟ್ಟಾ."

"ಹಟಿಯೇ ಹಟಿಯೇ," ಎನ್ನುತ್ತ ಹಮಾಲಿ ತಳ್ಳುಗಾಡಿ ತಂದು ನಿಲ್ಲಿಸಿದ. ಶಾಯಿ ಇನ್ನೂ ಹಸಿಯಾಗಿತ್ತು. ಉಷಾ ಹಲಗೆಯ ಮೇಲೆ ಬಾಗಿ, ಅಕ್ಷರಗಳು ಆರುವ ತನಕ ಮೆಲ್ಲಗೆ ಊದುತ್ತಲೇ ಇದ್ದಳು.