ಎದೆಯೊಳಗಿನ ಚಾಡಿಕೋರ

ನೇಕಾರನಾದ ನನ್ನ ಮೈದುನ ಕಳಕಪ್ಪ ಹೊಸ ನೂಲು ಬಂದಾಗಲೆಲ್ಲ ಒಂದೆಳೆ ಕಿತ್ತು, ಎಂಜಲು ಹಚ್ಚಿ, ಬಿಳಿ ಧೋತರದ ಅಂಚಿಗೆ ತಿಕ್ಕಿ ನೋಡುತ್ತಾನೆ. ಬಣ್ಣ ಬಿಡದಿದ್ದರೆ ಅವನ ಮುಖ ಇನ್ನಷ್ಟು ಗಂಟಿಕ್ಕುತ್ತದೆ, ಮೋಸ ಎಲ್ಲೋ ಒಳಗೆ ಅಡಗಿರಬೇಕೆಂದು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಅವನ ನಡಿಗೆ ಗೋಡೆ ಹಿಡಿದೇ, ಆಗಾಗ ಹಿಂದಿರುಗಿ ನೋಡುತ್ತ. ಚಹಾ ಕೊಟ್ಟರೆ ಮೊದಲು ಮೂಸುತ್ತಾನೆ.

ಇಂಥವನ ಎದೆಯೊಳಗೆ ಹೋದ ವರ್ಷ ಹುಬ್ಬಳ್ಳಿಯಲ್ಲಿ ಬೆಂಕಿಪೊಟ್ಟಣದಷ್ಟು ಯಂತ್ರವೊಂದನ್ನು ಕೂರಿಸಿದರು. ಬಡಿತ ಹದ ತಪ್ಪಿ ಪ್ರಾಣಕ್ಕೆ ಕುತ್ತು ಬರುವಂತಾದರೆ ಒಳಗಿನಿಂದಲೇ ಶಾಕ್ ಕೊಟ್ಟು ಸರಿಪಡಿಸುವ ಯಂತ್ರ ಅದು.

“ವೈನೀ, ಇದು ಒಳಗ ಕುಂತು ಚಾಡಿ ಬರಕೊಳ್ಳಾಕತ್ತೈತಿ,” ಎಂದು ಅತ್ತಿಗೆಯಾದ ನನ್ನ ಬಳಿ ಹೇಳುತ್ತಿದ್ದ, ಅದಕ್ಕೆ ಕೇಳಿಸಬಾರದೆಂಬಂತೆ ಪಿಸುದನಿಯಲ್ಲಿ.

ಒಂದು ಮುಂಜಾನೆ ಲಗ್ನದ ಸೀರೆಯನ್ನು ಅವಸರದಿಂದ ಮುಗಿಸುತ್ತಿದ್ದಾಗ ಅದು ಎದೆಗೆ ಒದ್ದಂತೆ ಶಾಕ್ ಕೊಟ್ಟಿತು. ಗೋಡೆಯಾಚೆ ಲಾಳಿಯ ಸದ್ದು ಬಿರುಸಾಗುತ್ತ ಹೋಗಿ ಫಕ್ಕನೆ ನಿಂತದ್ದನ್ನು ನಾನೇ ಕೇಳಿದ್ದೆ.

ದವಾಖಾನೆಗೆ ನಾನೂ ಜೊತೆಗೆ ಹೋದೆ. ಡಾಕ್ಟರ್ ದೇವಿಕಾ ಅವನೆದೆಯ ಮೇಲೊಂದು ಬಿಲ್ಲೆಯಿಟ್ಟು, ಯಂತ್ರ ಉಳಿಸಿಕೊಂಡಿದ್ದ ಬಡಿತದ ಗೆರೆಗಳನ್ನು ಪರದೆಯ ಮೇಲೆ ಓದಿದರು.

“ಕಾಕಾ, ಕೇಡಿನ ಬಡಿತ ಒಮ್ಮೆಲೇ ಏಳತೈತಿ. ಇದು ಮೆಟ್ಟಲಾ ಹತ್ತಿದಂಗ ಏರೇತಿ. ಆವಾಗ ಏನ್ ಮಾಡಾಕತ್ತಿದ್ರಿ?”

“ಸುಮ್ನ ಕುಂತಿದ್ನಿರಿ.”

ಶುದ್ಧ ಸುಳ್ಳು. ಯಂತ್ರ ಕೂರಿಸಿದ ಹೊಸತರಲ್ಲಿ ಎಡಗೈ ಎತ್ತಬೇಡಿರೆಂದು ಹೇಳಿದ್ದನ್ನು ಮಗ್ಗ ಬಿಡಿಸುವ ಹೂಟವೆಂದೇ ಅವನು ಬಗೆದಿದ್ದ. ಬಾಯಿ ಬಿಡಬೇಡವೆಂಬಂತೆ ನನ್ನತ್ತ ಕೆಕ್ಕರಿಸಿ ನೋಡಿದ.

“ಸುಮ್ನ ಕುಂತಾಗ ಹಿಂಗ ಏರಿದ್ರ ಬ್ಯಾರೆ ಜಡ್ಡರಿ, ಔಷಧ ಹೆಚ್ಚ ಮಾಡಬೇಕು. ದುಡಿಯೂ ಮುಂದ ಏರಿದ್ರ ಜಡ್ಡಲ್ಲ. ಮಷಿನ್ ಬರೇ ವೇಗ ನೋಡಿ ಮೋಸಹೋಗೇತಿ.”

ಯಂತ್ರವೂ ಮೋಸಹೋಗುತ್ತದೆಂದು ಕೇಳಿ ಅವನ ಹುಬ್ಬು ತುಸು ಸಡಿಲಾಯಿತು.

“ಖರೇ ಹೇಳಿದ್ರ ಮಗ್ಗಾ ಬಿಡಸ್ತೀರಿ.”

“ಸುಳ್ಳ ಹೇಳಿದ್ರ ಬ್ಯಾಡಾದ ಔಷಧ ನುಂಗಸ್ತೀನಿ. ಮಗ್ಗಾ ಬಿಡಸಂಗಿಲ್ಲ.”

“ನಮ್ಮ ವೈನಿ ಮಾರಿ ನೋಡಿ ಹೇಳ್ರಿ.”

ಡಾಕ್ಟರು ನಗದೆ ನನ್ನತ್ತ ತಿರುಗಿ ಅದೇ ಮಾತನ್ನು ಮತ್ತೆ ಹೇಳಿದರು. ಆಮೇಲೆ, ಬೆಳಗಿನಿಂದ ನೀರು ಕೂಡ ಕುಡಿಯದೆ ನೇಯ್ದದ್ದು, ಸೆರಗು ಮುಗಿಸುವ ಧಾವಂತ, ಎಲ್ಲವೂ ಅವನ ಬಾಯಿಂದಲೇ ಹೊರಬಿತ್ತು. ಡಾಕ್ಟರು ವೇಗವನ್ನಷ್ಟೇ ಅಲ್ಲದೆ ಬಡಿತ ಎದ್ದ ರೀತಿಯನ್ನೂ ನೋಡಿ ತೀರ್ಮಾನಿಸುವಂತೆ ಯಂತ್ರವನ್ನು ಹೊರಗಿನಿಂದಲೇ ತಿದ್ದಿದರು.

ಹೊರಡಲು ಎದ್ದವನು ಮತ್ತೆ ಕುಳಿತ. “ಈಗ ಇದು ವಿಚಾರ ಮಾಡ್ಕೋತ ಕುಂತು, ಖರೇ ಅಪಾಯ ಬಂದಾಗ ತಡಾ ಮಾಡಿದ್ರ?”

“ನಿಮ್ಮಷ್ಟು ಹೊತ್ತ ತಗೊಳ್ಳೂದಿಲ್ಲ ಬಿಡ್ರಿ ಕಾಕಾ.”

ಸಂಶಯದ ಜನರನ್ನು ಲೋಕ ಕಹಿಮನಸ್ಸಿನವರೆಂದು ದೂರವಿಡುತ್ತದೆ. ಇಷ್ಟು ವರ್ಷ ಇವನ ಮಾತಿಗೆ ಕಿವಿಗೊಟ್ಟು ಕೂತು ನಾನು ಕಂಡದ್ದೆಂದರೆ, ಪ್ರಾಣಕ್ಕಿಂತ ಮೊದಲು ಕಾಪಾಡಿಕೊಳ್ಳಬೇಕೆನಿಸುವ ಏನೋ ಒಂದು ಅವರ ಬಳಿ ಇರುತ್ತದೆ. ಅದನ್ನು ಯಾರೂ ಕಸಿಯುವುದಿಲ್ಲವೆಂಬ ಭರವಸೆ ಸಿಗುವವರೆಗೆ, ಎದೆಯೇ ಒಡೆದರೂ ಅವರ ಬಾಯಿಂದ ನಿಜ ಬರುವುದಿಲ್ಲ.