ಮಗರಿಬ್ ಹೊತ್ತಿನ ವಾರ್ತೆ

"ಇನ್ನ ಸಾಕ್ ಮಾಡೋಣ್ರಿ, ಸರ," ಎಂದ ಅಲ್ಲಾಭಕ್ಷ, ಕ್ಯಾಮೆರಾ ಆರಿಸುತ್ತ. "ನಿಮ್ಮ ಉರ್ದು ಸುದ್ದಿ ಯಾರೂ ಕೇಳಂಗಿಲ್ಲ. ನಾಳಿಂದ ಆ ಹೊತ್ತಿಗೆ ಖಾಲಿ ಬಿಡ್ತೇನಿ."

ಶಹಾಬುದ್ದೀನ ಟೈ ಸಡಿಲಿಸಿದ. ಕಾಲೇಜಿನಲ್ಲಿ ಅವನ ಇತಿಹಾಸದ ಪಾಠ ಗೋಡೆಗಷ್ಟೇ ಕೇಳುತ್ತಿತ್ತು. ೧೯೮೮ರಲ್ಲಿ ಅಲ್ಲಾಭಕ್ಷ ಸವಣೂರಿನ ಮನೆಮನೆಗೆ ಕೇಬಲ್ ತಂತಿ ಎಳೆದು, ವಿಡಿಯೋ ಅಂಗಡಿಯಿಂದಲೇ ಸಿನೆಮಾ ತೋರಿಸತೊಡಗಿದಾಗ, ಊರಿಗೊಂದು ಉರ್ದು ವಾರ್ತೆ ಬೇಕೆಂದು ಗಂಟುಬಿದ್ದವನು ಇವನೇ. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಮನೆಯಲ್ಲಿರುತ್ತಾರೆಂದು ವೇಳೆಯನ್ನೂ ತಾನೇ ಗೊತ್ತುಮಾಡಿದ್ದ. ಅಲ್ಲಾಭಕ್ಷ ತಕರಾರಿಲ್ಲದೆ ಒಪ್ಪಿದ್ದ. ದಿನಾ ಕ್ಯಾಮೆರಾ ಹಚ್ಚಿಟ್ಟು ಅವನು ಎಲ್ಲಿಗೆ ಎದ್ದುಹೋಗುತ್ತಾನೆಂದು ಇವನು ಕೇಳಿರಲಿಲ್ಲ.

"ಕೇಳಂಗಿಲ್ಲಂತ ಯಾರು ಹೇಳಿದರು?"

"ಹೋದ ವಾರ ನಿಮ್ಮ ಸುದ್ದಿ ಹೊತ್ತಿಗೆ ಧ್ವನಿನ ಹೋಗಿತ್ತು. ಒಬ್ಬರರೆ ಬಂದು ಕೇಳಿದ್ರೇನು? ಸಿನೆಮಾ ನಿಂತ್ರ ಬಾಗಿಲಾ ಮುರೀತಾರ." ಅಲ್ಲಾಭಕ್ಷನಿಗೂ ಮರುಕ ಬಂತೇನೋ. "ಒಂದ ಮನಿಯವ್ರು ಬೇಕಂದ್ರೂ ಸಾಕ್ರಿ, ನಡಸ್ತೇನಿ."

ಒಂದು ಮನೆ! ಶಹಾಬುದ್ದೀನನಿಗೆ ನಗು ಬಂತು. ಕಂಡವರ ಹೊಸಿಲು ತುಳಿಯುವುದೇಕೆ, ತನ್ನ ಮನೆಯೇ ಇದೆಯಲ್ಲ.

ದಿನವೂ ಅಂಗಡಿಯಲ್ಲೇ ಕೂತು ಓದುವವನು ತನ್ನ ವಾರ್ತೆಯನ್ನು ಎಂದೂ ನೋಡಿರಲಿಲ್ಲ. ಇವತ್ತು ಕ್ಯಾಮೆರಾ ಬಂಕಾಪುರದ ಮದುವೆಗೆ ಹೋಗಬೇಕಿತ್ತು, ಅದಕ್ಕೇ ಮಧ್ಯಾಹ್ನ ಟೇಪು ಮಾಡಿದ್ದರು.

ಸಂಜೆ ಅವನು ಮನೆಗೆ ಬಂದಾಗ ಹೆಂಡತಿ ಶಾಕೀರಾ ಗಾಬರಿಯಾದಳು. "ಇಷ್ಟ ಲಗೂ ಬಂದ್ರಿ? ಆರಾಮ ಇಲ್ಲೇನ್ರಿ?"

"ಸುದ್ದಿ ನೋಡೋಣಂತ."

ತಾಯಿ ಗೌಸಬಿ ಮಂಚದ ಮೇಲಿಂದ ಮಗನನ್ನು ನೋಡಿದಳು, ಟಿವಿ ನೋಡಿದಳು. ಅದರೊಳಗೂ ಮಗ ಬಂದು ಸಲಾಂ ಹೇಳಿದ. ಇವನಿಗಿಂತ ಅವನೇ ಮನೆಯವನಂತೆ ಕಂಡ.

ಅಷ್ಟರಲ್ಲಿ ಮಸೀದಿಯಿಂದ ಬಾಂಗ್ ಕೇಳಿತು. ಶಾಕೀರಾ ತಲೆಗೆ ಸೆರಗು ಎಳೆದುಕೊಂಡು ಟಿವಿಯ ಧ್ವನಿ ಪೂರ್ತಿ ಇಳಿಸಿದಳು.

"ಯಾಕ?"

"ಮಗರಿಬ್ ಅಲ್ಲೇನ್ರಿ? ನಮಾಜಿಗೆ ನಿಲ್ಲಬೇಕು."

"ದಿನಾ ಹಿಂಗ?"

"ಎಲ್ಲಾರ ಮನ್ಯಾಗೂ ಹಿಂಗ. ಬ್ಯಾರೇದವ್ರು ಆರಿಸೇ ಬಿಡ್ತಾರ. ಮಗ ಒಳಗ ಅದಾನಂತ ಅತ್ತಿ ಆರಸಗೊಡಂಗಿಲ್ಲ."

"ನನಗ ಹೇಳಬಾರದಿತ್ತ?"

"ಹೊತ್ತ ನೀವ ಇಟ್ಟೀರಿ. ನಿಮಗ ಗೊತ್ತಿರತೈತಿ ಅಂದ್ಕೊಂಡಿದ್ವಿ."

ತಾನು ನಮಾಜು ಬಿಟ್ಟು ಎಷ್ಟು ಕಾಲವಾಯಿತೆಂದು ನೆನೆಯಲೂ ಅವನಿಗೆ ಬೇಸರವಾಯಿತು. ಈ ವಾರ್ತೆ ಬೇಕು ಅಂತ ಅಲ್ಲಾಭಕ್ಷನಿಗೆ ಒಂದು ಮಾತು ಅನ್ನು ಎಂದು ಶಾಕೀರಾಳನ್ನು ಕೇಳಬೇಕಿತ್ತು, ಬಾಯಿ ಬರಲಿಲ್ಲ. ಅವಮಾನವಾಗಿತ್ತು, ಅದಕ್ಕಿಂತ ಹೆಚ್ಚು ದಣಿವಾಗಿತ್ತು.

ನಮಾಜಿನ ಎದುರು ಯಾರ ಚಿತ್ರವೂ ಇರಬಾರದೆಂದು ಗೌಸಬಿ ಮಂಚದಿಂದಿಳಿದಳು. ಬಿಳಿ ಚಾದರ ಬಿಡಿಸಿ, ಟಿವಿಯಲ್ಲಿ ಇನ್ನೂ ಬಾಯಾಡಿಸುತ್ತಲೇ ಇದ್ದ ಮಗನ ಮುಖದ ಮೇಲೆ, ಹಣೆಯಿಂದ ಗದ್ದದ ತನಕ ಸರಿಯಾಗಿ ಬರುವಂತೆ ಎಳೆದು ಹೊದಿಸಿದಳು.