ಒಗೆಯುವ ಕೋಣೆಯ ದನಿ

ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು ಗಂಡನ ಪ್ಯಾಂಟನ್ನು ತಂತಿಗೆ ಹಾಕುತ್ತಿದ್ದ ಕಲೊಲೈನೆಗೆ ಒಗೆಯುವ ಕೋಣೆಯ ಹಲಗೆ ಗೋಡೆಯಾಚೆಯಿಂದ ತಮ್ಮನ ದನಿ ಕೇಳಿಸಿತು. "ನಾನು ಸೆಮಿಸಿ. ವವಾಊ ದ್ವೀಪದ ಹೊಲೊಂಗಾ ಊರಿನವನು." ಹೆಸರು ಊರು ಇವನು ಯಾರಿಗೆ ಒಪ್ಪಿಸುತ್ತಿದ್ದಾನೆ ಎಂದುಕೊಳ್ಳುವಷ್ಟರಲ್ಲಿ ಅದೇ ಮಾತು ಮತ್ತೆ ಬಂತು. ಮತ್ತೊಮ್ಮೆ, ಇನ್ನೂ ಸಣ್ಣಗೆ. ಮತ್ತೊಮ್ಮೆ. ಯಾರೋ ಎದುರಿಗೆ ಕೂತು, ಹೇಳು, ಇನ್ನೊಂದು ಸಲ ಹೇಳು ಎಂದು ಗದರಿಸಿದಂತೆ, ಹೇಳಿ ಹೇಳಿ ಅವನಿಗೆ ಉಸಿರು ಸೋತಂತೆ ಇತ್ತು. ಆಮೇಲೆ ಮೈದುನ ಫೇತುವಿನ ದನಿ, "ಹಾಂ, ಈಗ ಚೆನ್ನಾಗಿ ಬಂತು" ಎಂದಿತು.

ಬಾಗಿಲು ಅಲ್ಲೇ ಪಕ್ಕದಲ್ಲಿತ್ತು, ತಳ್ಳಿದರೆ ತೆರೆಯುವಂಥದ್ದು. ಆದರೆ ಒಳಗೆ ತಮ್ಮನಿದ್ದ. ನಮ್ಮ ಟೊಂಗಾದವರಲ್ಲಿ ಬೆಳೆದ ಅಕ್ಕತಮ್ಮಂದಿರು ಒಂದೇ ಕೋಣೆಯಲ್ಲಿ ಕೂರುವುದಿಲ್ಲ. ಅಕ್ಕನ ಸ್ಥಾನ ದೊಡ್ಡದು. ಅವಳು ಹೇಳಿದ್ದನ್ನು ತಮ್ಮ ಮೀರುವಂತಿಲ್ಲ, ತಮ್ಮನಿರುವ ಕಡೆ ಅವಳು ಕಾಲಿಡುವಂತಿಲ್ಲ. ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದ ಮೇಲೆ ನಾವು ಎಷ್ಟೋ ಬಿಟ್ಟಿದ್ದೇವೆ, ಇದನ್ನು ಬಿಟ್ಟಿಲ್ಲ. ಒಂದೇ ಸೂರಿನಡಿ ಇದ್ದರೂ ಕಲೊಲೈನೆ ತಮ್ಮನಿಗೆ ಏನು ಹೇಳಬೇಕಿದ್ದರೂ ಗಂಡನ ಬಾಯಲ್ಲೋ ಫೇತುವಿನ ಬಾಯಲ್ಲೋ ಹೇಳಿಸುತ್ತಿದ್ದಳು. ಈಗ ಆ ಫೇತುವೇ ಒಳಗೆ ಕೂತು ತಮ್ಮನ ಬಾಯಿ ಬಿಡಿಸುತ್ತಿದ್ದ. ಅವಳು ಖಾಲಿ ಬುಟ್ಟಿಯನ್ನು ಎತ್ತಿಕೊಂಡು ಸದ್ದಾಗದಂತೆ ಅಡುಗೆಮನೆಗೆ ಹೋದಳು.

ಎಪ್ಪತ್ತಾರರ ಅಕ್ಟೋಬರ್ ಅದು. ನಮ್ಮ ಬಡಾವಣೆ ಗ್ರೇ ಲಿನ್‌ನ ಬೀದಿಗಳಲ್ಲಿ ಬೆಳಕು ಹರಿಯುವ ಮೊದಲೇ ಪೊಲೀಸರು ನಾಯಿ ಹಿಡಿದುಕೊಂಡು ಬಂದು ಬಾಗಿಲು ಬಡಿಯುತ್ತಿದ್ದರು. ಈ ದೇಶದಲ್ಲಿರುವ ಪರವಾನಗಿ ಮುಗಿದವರನ್ನು ಉಟ್ಟ ಬಟ್ಟೆಯಲ್ಲೇ ಎಬ್ಬಿಸಿ, ವ್ಯಾನಿಗೆ ತುಂಬಿ, ಊರಿಗೆ ಅಟ್ಟುತ್ತಿದ್ದರು. ಸೆಮಿಸಿಯ ಪರವಾನಗಿ ಯಾವತ್ತೋ ಮುಗಿದಿತ್ತು. ಅವನು ಹಗಲಲ್ಲಿ ಬೀದಿಗೆ ಬೀಳುತ್ತಿರಲಿಲ್ಲ, ಚರ್ಚಿಗೂ ಹೋಗುತ್ತಿರಲಿಲ್ಲ. ಊರಿನಲ್ಲಿ ಗಾಯಕರ ಮುಂದಿನ ಸಾಲಿನಲ್ಲಿ ನಿಂತು ಎದೆ ತುಂಬಿ ಹಾಡುತ್ತಿದ್ದವನು ಇಲ್ಲಿ ಭಾನುವಾರ ಬೆಳಿಗ್ಗೆ ಹಿತ್ತಲ ಗ್ಯಾರೇಜಿನಲ್ಲಿ ಕೂತು ಕೆಸುವಿನ ಗೆಡ್ಡೆ ಸುಲಿಯುತ್ತಿದ್ದ. ಉಳಿದವರು ಚರ್ಚಿನಿಂದ ಬರುವಷ್ಟರಲ್ಲಿ ಊಟ ಸಿದ್ಧವಿರುತ್ತಿತ್ತು, ಅವನು ಅಲ್ಲಿರುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಬಾಗಿಲು ಬಡಿಯುವವರಿಗಿಂತ, ಅವರಿಗೆ ಬಾಗಿಲು ತೋರಿಸುವವರ ಭಯವೇ ನಮಗೆ ಹೆಚ್ಚಾಗಿತ್ತು. ನಮ್ಮವರೇ ಯಾರೋ ಪೊಲೀಸರಿಗೆ ಹೇಳಿಕೊಡುತ್ತಿದ್ದಾರೆ ಎಂಬ ಗುಸುಗುಸು ಚರ್ಚಿನ ಅಂಗಳದಲ್ಲಿ ಎದ್ದಿತ್ತು. ಪ್ರಾರ್ಥನೆ ಮುಗಿದ ಮೇಲೆ ಒಬ್ಬರನ್ನೊಬ್ಬರು ತಬ್ಬಿ ಮುತ್ತಿಕ್ಕುವಾಗಲೂ ಒಬ್ಬರ ಭುಜದ ಮೇಲಿಂದ ಇನ್ನೊಬ್ಬರನ್ನು ನೋಡುವ ಹಾಗಾಗಿತ್ತು. ಹೊಸ ಬೂಟು ಹಾಕಿಕೊಂಡವನ ಮೇಲೆ ಗುಮಾನಿ, ಹೆಚ್ಚು ನಕ್ಕವಳ ಮೇಲೆ ಗುಮಾನಿ.

ಫೇತುವಿನ ಮೇಲೆ ಕಲೊಲೈನೆಗೆ ಗುಮಾನಿ ಹುಟ್ಟಿದ್ದು ದಾರದ ಉರುಳೆಗಳಿಂದ. ಅವಳ ಹೊಲಿಗೆ ಡಬ್ಬಿಯಿಂದ ಖಾಲಿ ಉರುಳೆಗಳು ಮಾಯವಾದವು. ಆಮೇಲೆ ತಲೆಪಿನ್ನು, ಪಾತ್ರೆ ತಿಕ್ಕುವ ಸ್ಪಂಜಿನ ಒಂದು ಮೂಲೆ, ಕೊನೆಗೆ ಇಸ್ತ್ರಿ ಮಾಡುವ ಹಲಗೆ. ಕೇಳಿದರೆ ಫೇತು ತಲೆ ಕೆರೆದುಕೊಂಡು, "ಒಂದ್ ಆಟದ ಸಾಮಾನು ಮಾಡ್ತಿದೀನಿ ಅತ್ತಿಗೆ, ಮುಗೀಲಿ, ತೋರಿಸ್ತೀನಿ" ಎಂದು ಕಣ್ಣು ತಪ್ಪಿಸಿದ. ಬಾಟಲಿ ಕಾರ್ಖಾನೆಯಲ್ಲಿ ದುಡಿದು ಬಂದು ಗಿಟಾರು ಮೀಟುತ್ತಾ ಎಲ್ಲರನ್ನೂ ಗೋಳು ಹುಯ್ದುಕೊಳ್ಳುವ ಆಸಾಮಿ, ಮೂವತ್ತು ದಾಟಿದರೂ ಮದುವೆಯ ಮಾತೆತ್ತದವನು, ಕಣ್ಣು ತಪ್ಪಿಸಿದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಅದಾದ ಮೇಲೆ ಒಂದು ಸಂಜೆ ಬೀದಿಯ ತುದಿಯಲ್ಲಿ ಬಿಳಿಯನೊಬ್ಬನ ಕಾರಿನಿಂದ ಅವನು ಇಳಿದ. ಕಂಕುಳಲ್ಲಿ ಕ್ಯಾಸೆಟ್ ರೆಕಾರ್ಡರು. ಮನೆಯ ಮುಂದೆ ಇಳಿಯದೆ ಮೂಲೆಯಲ್ಲಿ ಇಳಿದದ್ದು ಯಾಕೆ ಎಂಬ ಪ್ರಶ್ನೆ ಅವಳ ತಲೆಯಲ್ಲಿ ಹುಳದಂತೆ ಹೊಕ್ಕಿತು.

ಗೋಡೆಯಾಚೆಯ ದನಿ ಕೇಳಿದ ಮರುದಿನ ಫೇತು ಕೆಲಸಕ್ಕೆ ಹೋಗಿದ್ದಾಗ, ಸೆಮಿಸಿ ಗ್ಯಾರೇಜಿನಲ್ಲಿ ಮಲಗಿದ್ದಾನೆಂದು ಖಾತ್ರಿ ಮಾಡಿಕೊಂಡು ಅವಳು ಒಗೆಯುವ ಕೋಣೆಗೆ ನುಗ್ಗಿದಳು. ಅವಳ ಇಸ್ತ್ರಿ ಹಲಗೆ ಕಲ್ಲು ತೊಟ್ಟಿಯ ಮೇಲೆ ಅಡ್ಡ ಮಲಗಿತ್ತು. ಅದರ ಎರಡು ಕೊನೆಗೆ ಎರಡು ಹಳೆಯ ರೆಕಾರ್ಡರುಗಳು, ಮುಚ್ಚಳ ಕಿತ್ತು, ಹೊಟ್ಟೆ ಬಗೆದಂತೆ. ಒಂದರ ಕ್ಯಾಸೆಟ್ಟಿನಿಂದ ಕಂದು ಟೇಪು ಹೊರಬಂದು, ಅವಳ ದಾರದ ಉರುಳೆಗಳನ್ನು ಸುತ್ತಿ, ಹಲಗೆಯುದ್ದಕ್ಕೂ ಬರಿಮೈಯಲ್ಲಿ ಸಾಗಿ ಇನ್ನೊಂದರ ಒಳಗೆ ಹೋಗಿತ್ತು. ಜಾರದಂತೆ ಅವಳದೇ ತಲೆಪಿನ್ನು. ಒಂದು ಮೈಕು ಕುರ್ಚಿಯ ಎದುರಿಗೆ, ಕೂತವನ ಬಾಯಿಯ ಮಟ್ಟಕ್ಕೆ ಸರಿಯಾಗಿ, ಪೊರಕೆಯ ಕೋಲಿಗೆ ಕಟ್ಟಿತ್ತು. ಆ ಕುರ್ಚಿಯನ್ನು ನೋಡಿ ಅವಳಿಗೆ ಮೈಯೆಲ್ಲ ಉರಿಯಿತು. ಬಿಳಿಯನ ರೆಕಾರ್ಡರು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಇನ್ನೇನು ಸಾಕ್ಷಿ ಬೇಕು ಎಂದುಕೊಂಡಳು.

ಮಾಂಸದ ಕಾರ್ಖಾನೆಯಿಂದ ಬಂದ ಗಂಡ ಮೊಸೆಸೆಗೆ ಊಟ ಬಡಿಸುತ್ತಾ ಎಲ್ಲ ಹೇಳಿದಳು. ಅವನು ಮೊದಲು ನಕ್ಕ. ಅವಳು ನಗಲಿಲ್ಲ. ಆಗ ಅವನು ತಟ್ಟೆಯನ್ನೇ ನೋಡತೊಡಗಿದ.

"ಅವನು ನನ್ ತಮ್ಮ ಕಣೇ" ಎಂದ.

"ಆ ಕುರ್ಚೀಲಿ ಕೂತೋನು ನನ್ ತಮ್ಮ."

ಮೊಸೆಸೆ ತಾನೇ ಫೇತುವನ್ನು ಕೇಳುತ್ತೇನೆ ಅಂದ. ಕೇಳಿದರೆ ಅವನು ಎಚ್ಚೆತ್ತುಕೊಳ್ಳುತ್ತಾನೆ, ಬೇಡ ಎಂದಳು. ಅವಳಿಗೆ ತೋಚಿದ್ದು ಒಂದೇ ದಾರಿ. ಸೆಮಿಸಿಯನ್ನು ಚರ್ಚಿನ ಹಿರಿಯ ಲಾತುವಿನ ಮನೆಗೆ ಸಾಗಿಸುವುದು. ಲಾತುವಿನ ಕಾಗದಪತ್ರ ಎಲ್ಲ ನೆಟ್ಟಗಿದ್ದವು, ಗಂಡಹೆಂಡತಿ ಇಬ್ಬರದೇ ಮನೆ, ಆ ಬೀದಿಯಲ್ಲಿ ನಮ್ಮವರು ಕಮ್ಮಿ. ಅಲ್ಲಿಗೆ ಯಾರು ಬರುತ್ತಾರೆ? ಶನಿವಾರ ಅವನು ಹೊರಡಲಿ, ಕಾರಣ ಕೇಳುವುದು ಬೇಡ ಎಂದು ಗಂಡನ ಬಾಯಲ್ಲಿ ಹೇಳಿಸಿದಳು.

ಸೆಮಿಸಿ ಮೊಸೆಸೆಯನ್ನು ಕಾರಣ ಕೇಳಲಿಲ್ಲ. ಶನಿವಾರ ಮಬ್ಬಾಗುವ ಹೊತ್ತಿಗೆ ಚಾಪೆ ಸುತ್ತಿಕೊಂಡು, ಒಂದು ಚೀಲ ಹಿಡಿದು, ಮೊಸೆಸೆಯ ಹಿಂದೆ ಗೇಟು ದಾಟಿದ. ಕಲೊಲೈನೆ ಪರದೆಯ ಸಂದಿಯಿಂದ ನೋಡುತ್ತಿದ್ದಳು. ಅಕ್ಕ ಅಲ್ಲಿ ನಿಂತಿರುತ್ತಾಳೆಂದು ಗೊತ್ತಿದ್ದಕ್ಕೇ ಇರಬೇಕು, ಅವನು ಕಿಟಕಿಯ ಕಡೆ ತಿರುಗದೆ, ತಲೆ ತಗ್ಗಿಸಿಕೊಂಡು ಹೋದ. ಅವಳಿಗೆ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ಫೇತುವಿಗೆ ಅವತ್ತು ಅವಳು ತಟ್ಟೆ ತುಂಬ ಬಡಿಸಿದಳು, ಸೋತವನಿಗೆ ಬಡಿಸುವ ಹಾಗೆ. ಅವನು ಅರ್ಧಕ್ಕೇ ಎದ್ದ.

ಸೋಮವಾರ ಬೆಳಗಿನ ಜಾವ ಲಾತುವಿನ ಬಾಗಿಲು ಬಡಿದರು.

ಸುದ್ದಿ ತಂದವಳು ಲಾತುವಿನ ಹೆಂಡತಿಯೇ. ಕೋಟಿನ ಗುಂಡಿಗಳನ್ನು ಅಡ್ಡಾದಿಡ್ಡಿ ಹಾಕಿಕೊಂಡು ಬಂದಿದ್ದಳು. ನಾಯಿ ಹಾಸಿಗೆಯವರೆಗೂ ಬಂತಂತೆ. ಸೆಮಿಸಿ ಓಡಲಿಲ್ಲವಂತೆ. ಹೆಸರು ಕೇಳಿದರು, ಊರು ಕೇಳಿದರು, ನಿಧಾನವಾಗಿ ಹೇಳಿದನಂತೆ. ಅಂಗಿ ಹಾಕಿಕೊಳ್ಳುತ್ತೇನೆ ಎಂದದ್ದಕ್ಕೆ ಬಿಡಲಿಲ್ಲವಂತೆ. ಯಾರು ಹೇಳಿಕೊಟ್ಟರು ಎಂಬುದು ನಮಗೆ ಯಾರಿಗೂ ಇವತ್ತಿಗೂ ಗೊತ್ತಿಲ್ಲ. ಕಲೊಲೈನೆಯ ಬಾಗಿಲನ್ನು ಮಾತ್ರ ಅವತ್ತೂ ಯಾರೂ ಬಡಿಯಲಿಲ್ಲ, ಆಮೇಲೂ ಬಡಿಯಲಿಲ್ಲ.

ಆಗಲೂ ಅವಳ ಮನಸ್ಸು ಮೊದಲು ಹಿಡಿದದ್ದು ಫೇತುವನ್ನೇ. ಎಲ್ಲಿಗೆ ಹೋಗುತ್ತೇನೆಂದು ಸೆಮಿಸಿ ಇವನಿಗೆ ಹೇಳಿಯೇ ಇರುತ್ತಾನಲ್ಲ. ಫೇತು ಅವತ್ತು ಕೆಲಸಕ್ಕೆ ಹೋಗದೆ ಒಗೆಯುವ ಕೋಣೆಯ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಎದುರಿಗೆ ನಿಂತು ಕೇಳಿಯೇ ಬಿಟ್ಟಳು, "ನೀನೇ ತಾನೆ?"

ಅವನು ಅವಳ ಮುಖ ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ. "ಒಳಗ್ ಬನ್ನಿ ಅತ್ತಿಗೆ. ಈಗ ಅಲ್ಲಿ ಯಾರೂ ಇಲ್ಲ" ಎಂದ.

ಹಲಗೆಯ ಪಕ್ಕ ನಿಂತು ಬೆರಳಿಟ್ಟು ತೋರಿಸಿದ. ಈ ರೆಕಾರ್ಡರು ಮಾತನ್ನು ಟೇಪಿಗೆ ಬರೆದುಕೊಳ್ಳುತ್ತದೆ. ಟೇಪು ಉರುಳೆಗಳ ಮೇಲೆ ನಡೆದು ಅಲ್ಲಿಗೆ ಮುಟ್ಟಿದಾಗ ಆ ರೆಕಾರ್ಡರು ಅದನ್ನು ಓದಿ ಹೇಳುತ್ತದೆ. ನಡುವಿನ ದಾರಿ ಎಷ್ಟು ಉದ್ದವೋ ಅಷ್ಟು ತಡ. ಹೇಳಿದ್ದು ಈ ತಂತಿಯಲ್ಲಿ ಹಿಂದಕ್ಕೆ ಬಂದು ಇಲ್ಲಿ ಮತ್ತೆ ಬರೆಸಿಕೊಳ್ಳುತ್ತದೆ, ಪ್ರತಿ ಸಲವೂ ಕೊಂಚ ಸಣ್ಣಗೆ. ಎರಡು ಮೋಟಾರುಗಳ ಓಟ ಹೊಂದದೆ ಟೇಪು ಸಡಿಲಾಗುತ್ತಿತ್ತು, ಮೊದಲನೆಯದರ ರಬ್ಬರು ಚಕ್ರ ಕಿತ್ತ ಮೇಲೆ ಸರಿಹೋಯಿತು, ಈಗ ಎಳೆಯುವ ಕೆಲಸ ಎರಡನೆಯದರದೇ. ಎಲ್ಲ ಕೂಡಿ ಬಂದದ್ದನ್ನು ಹಿಡಿಯಲು ಮೂರನೆಯದು ಬೇಕಿತ್ತು, ಕಾರ್ಖಾನೆಯ ಮೇಸ್ತ್ರಿ ಎರವಲು ಕೊಟ್ಟ. ಅವನ ಕಾರು ಮನೆ ಮುಂದೆ ನಿಂತರೆ ಅಕ್ಕಪಕ್ಕದವರು ಏನಂದುಕೊಂಡಾರು ಎಂದು ಮೂಲೆಯಲ್ಲೇ ಇಳಿದೆ ಎಂದ.

"ಯಾಕೆ ಇದೆಲ್ಲ?" ಎಂದಳು.

"ನಿಮ್ಮಮ್ಮಂಗೆ. ಇಲ್ಲಿನ ಚರ್ಚಲ್ಲೂ ಮುಂದಿನ ಸಾಲಲ್ಲಿ ಹಾಡ್ತೀನಿ ಅಂತ ಕ್ಯಾಸೆಟ್ಟಲ್ಲಿ ಹೇಳ್ತಾನೇ ಬಂದಿದ್ದ. ಅವ್ರು ಆ ಹಾಡು ಕಳ್ಸು ಅಂದ್ರು. ಗ್ಯಾರೇಜಲ್ಲಿ ಹಾಡಿದ್ರೆ ಗ್ಯಾರೇಜೇ ಕೇಳ್ಸುತ್ತೆ ಅತ್ತಿಗೆ. ಇದ್ರಲ್ಲಿ ಹಾಡಿದ್ರೆ ದೊಡ್ಡ ಚರ್ಚಲ್ಲಿ ನಿಂತಂಗಿರತ್ತೆ."

ನಾವು ಊರಿಗೆ ಕಾಗದ ಬರೆಯುವವರಲ್ಲ, ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುವವರು. ಮಾತು ಶುರುವಾಗುವುದು ಹೆಸರು ಊರಿನಿಂದಲೇ, ಮಗ ಅಮ್ಮನಿಗೆ ಹೇಳುವಾಗಲೂ. ಕಲೊಲೈನೆ ತಾನೂ ಹಾಗೆಯೇ ಎಷ್ಟು ಸಲ ಹೇಳಿಲ್ಲ? ಅದು ಅವಳಿಗೆ ಆ ದಿನ ತಂತಿಯ ಕೆಳಗೆ ನಿಂತಾಗ ಹೊಳೆಯಲೇ ಇಲ್ಲ.

"ನಂಗೊಂದ್ ಮಾತು ಹೇಳ್ಬೋದಿತ್ತು" ಎಂದಳು.

"ಅಮ್ಮಂಗೆ ಸುಳ್ಳು ಕಳ್ಸೋಕೆ ನೀವು ಬಿಡ್ತಿದ್ರಾ? ಅದೂ ಅಲ್ದೆ ಅದ್ರಲ್ಲಿ ನಿಮ್ ವಿಷ್ಯಾನೂ ಹೇಳಿದಾನೆ. ತಮ್ಮ ಹಾಗೆ ಆಡಿದ್ದನ್ನ ಅಕ್ಕನ ಕಿವೀಗ್ ಹಾಕೋಕಾಗತ್ತಾ?" ಫೇತು ತೊಟ್ಟಿಯ ಅಂಚನ್ನು ಹಿಡಿದುಕೊಂಡ. "ಶನಿವಾರ ಅವ್ನೂ ಕೇಳ್ದ, ಅಕ್ಕ ಯಾಕೆ ಕಳಿಸ್ತಿದಾಳೆ ಅಂತ. ಗೊತ್ತಿಲ್ಲ ಅಂದೆ. ಅಕ್ಕ ಹೇಳಿದ್ಮೇಲೆ ಸರಿಯಾಗೇ ಇರತ್ತೆ ಬಿಡು ಅಂದು ಎದ್ದ."

ಅವಳು ಆ ಕುರ್ಚಿಯಲ್ಲಿ ಕೂತುಬಿಟ್ಟಳು. ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಕ್ಯಾಸೆಟ್ಟು ಮುಗಿದಿದೆ, ಕಳಿಸಲೋ ಬೇಡವೋ ಎಂದು ಫೇತು ಕೇಳಿದ. ಅವಳು, ಹಡಗಿನಲ್ಲಿ ಅದು ಊರು ಮುಟ್ಟುವಷ್ಟರಲ್ಲಿ ಅವನನ್ನೇ ಅಲ್ಲಿಗೆ ಅಟ್ಟಿರುತ್ತಾರೆ ಎಂದಳು. ಅಮ್ಮ ಅವನನ್ನೇ ಕೇಳುತ್ತಾಳೆ, ಚರ್ಚು ಹೇಗಿತ್ತು ಎಂದು. ಆಮೇಲೆ, ಹಾಕು ಎಂದು ಕೈಯಲ್ಲೇ ಸನ್ನೆ ಮಾಡಿದಳು. ಫೇತು ಅನುಮಾನಿಸುತ್ತಲೇ ಗುಂಡಿ ಒತ್ತಿದ.

"ನಾನು ಸೆಮಿಸಿ" ಎಂದಿತು ದನಿ, ಎತ್ತರದ ಮಾಡಿನ ಕೆಳಗೆ ನಿಂತವನ ಹಾಗೆ.

ಕಲೊಲೈನೆ ತಟ್ಟನೆ ಎದ್ದಳು. ಲಂಗ ಸರಿಮಾಡಿಕೊಂಡು, ತಲೆ ತಗ್ಗಿಸಿ, ಕೋಣೆಯನ್ನು ತಮ್ಮನಿಗೆ ಬಿಟ್ಟು ಹೊರಗೆ ಬಂದು ಬಾಗಿಲೆಳೆದುಕೊಂಡಳು. ಹೊರಗೆ ತಂತಿಯ ಮೇಲೆ ಅವನ ಅಂಗಿ ಇನ್ನೂ ನೇತಾಡುತ್ತಿತ್ತು, ಶನಿವಾರ ಒಗೆದದ್ದು, ಒಣಗಿ ಗರಿಯಾಗಿತ್ತು. ಕ್ಲಿಪ್ಪುಗಳನ್ನು ತೆಗೆದು ಬಾಯಲ್ಲಿ ಕಚ್ಚಿಕೊಂಡಳು. ಗೋಡೆಯಾಚೆ ಅವನು ಹಾಡಲು ಶುರುಮಾಡಿದ್ದ. ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗೋಡೆಗೆ ಬೆನ್ನು ಮಾಡಿ, ಹಾಡು ಮುಗಿಯುವವರೆಗೂ ನಿಂತಿದ್ದಳು.